ಕತ್ತಲಿಗೆ ಬಣ್ಣ ಹುಡುಕಿದವನು

ಅಮೆರಿಕದ ಪಶ್ಚಿಮ ಅಂದ ಕೂಡಲೇ ಕುದುರೆ, ಕೌಬಾಯ್, ಧೂಳು ನಮ್ಮ ಕಣ್ಣ ಮುಂದೆ ಬರುತ್ತವಲ್ಲ, ಆ ಚಿತ್ರವನ್ನು ಕಟ್ಟಿಕೊಟ್ಟವರಲ್ಲಿ ಮುಖ್ಯನಾದವನು ಫ್ರೆಡರಿಕ್ ರೆಮಿಂಗ್ಟನ್. ಆದರೆ ನನಗೆ ಹತ್ತಿರದವನು ಈ ಹಗಲಿನ ರೆಮಿಂಗ್ಟನ್ ಅಲ್ಲ, ರಾತ್ರಿಯ ರೆಮಿಂಗ್ಟನ್.

1861ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಂಟನ್‌ನಲ್ಲಿ ಹುಟ್ಟಿದ. ಯೇಲ್‌ಗೆ ಚಿತ್ರಕಲೆ ಕಲಿಯಲು ಹೋದವನಿಗೆ ಫುಟ್‌ಬಾಲೇ ಹೆಚ್ಚು ಹಿಡಿಸಿತು. 1880ರಲ್ಲಿ ತಂದೆ ತೀರಿಕೊಂಡರು, ಓದು ನಿಂತಿತು. ಕ್ಯಾನ್ಸಸ್‌ನಲ್ಲಿ ಕುರಿ ಸಾಕಲು ಹೋಗಿ ಕೈ ಸುಟ್ಟುಕೊಂಡ. 1886ರ ಹೊತ್ತಿಗೆ ಹಾರ್ಪರ್ಸ್ ವೀಕ್ಲಿಯಲ್ಲಿ ಅವನ ಚಿತ್ರಗಳು ಬರತೊಡಗಿದವು. ಆಮೇಲೆ ಕೇಳಬೇಕೆ? ಹೆಸರು, ದುಡ್ಡು, ನ್ಯೂಯಾರ್ಕ್ ನಗರದ ಹತ್ತಿರವೇ ದೊಡ್ಡ ಮನೆ.

ಆದರೂ ಒಂದು ಮುಳ್ಳು ಉಳಿದಿತ್ತು. ವಿಮರ್ಶಕರು ಅವನನ್ನು ಪತ್ರಿಕೆಗೆ ಚಿತ್ರ ಬರೆಯುವವನು ಅಂತಲೇ ಕಂಡರು. ಕಪ್ಪುಬಿಳುಪು ಅಚ್ಚಿಗಾಗಿ ವರ್ಷಗಟ್ಟಲೆ ದುಡಿದವನಿಗೆ ಬಣ್ಣ ಒಲಿದಿರಲಿಲ್ಲ. ಸುಮಾರು 1900ರಿಂದ ಅವನು ರಾತ್ರಿಯ ಕಡೆ ತಿರುಗಿದ. ಹಸಿರು ಬೆರೆತ ಬೆಳದಿಂಗಳು, ಕಾಡಿನ ಬಿಡಾರದ ಕೆಂಪು ಬೆಂಕಿ: ಇಂಥ ಎಪ್ಪತ್ತರಷ್ಟು ಚಿತ್ರಗಳನ್ನು ಬರೆದ.

1908ರ 'ಷಾಟ್‌ಗನ್ ಹಾಸ್ಪಿಟಾಲಿಟಿ'ಯನ್ನೇ ನೋಡಿ. ರಾತ್ರಿ, ಬೆಂಕಿಯ ಬಳಿ ಒಬ್ಬ ಬಿಳಿಯ, ತೊಡೆಯ ಮೇಲೆ ಬಂದೂಕು. ಎದುರಿಗೆ ಮೂವರು ಇಂಡಿಯನ್ನರು. ಯಾರು ಯಾರಿಗೆ ಹೆದರಿದ್ದಾರೆ? ಚಿತ್ರ ಹೇಳುವುದಿಲ್ಲ. ಆ ಮೂಲನಿವಾಸಿಗಳ ಬಗ್ಗೆ, ವಲಸೆ ಬಂದವರ ಬಗ್ಗೆ ರೆಮಿಂಗ್ಟನ್‌ಗಿದ್ದ ತಾತ್ಸಾರ ಅವನ ಪತ್ರಗಳಲ್ಲಿ ಢಾಳಾಗಿ ಕಾಣುತ್ತೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಹಗಲಿನ ಚಿತ್ರಗಳಲ್ಲಿ ಶತ್ರು ಯಾರೆಂದು ಅವನಿಗೆ ಖಚಿತವಾಗಿ ಗೊತ್ತಿತ್ತು. ಕತ್ತಲಲ್ಲಿ ಆ ಖಚಿತತೆ ಸಡಿಲವಾಯಿತು ಅಂತ ನನಗನ್ನಿಸುತ್ತದೆ. ಅಲ್ಲಿ ಎಲ್ಲರೂ ಒಂದೇ ಬೆಂಕಿಯ ಸುತ್ತ ಕಿವಿಗೊಟ್ಟು ಕೂತವರು.

ಕೊನೆಯ ವರ್ಷಗಳಲ್ಲಿ ತನಗೇ ಒಪ್ಪಿಗೆಯಾಗದ ಹಳೆಯ ಚಿತ್ರಗಳನ್ನು ಕಂತೆಗಟ್ಟಲೆ ಸುಟ್ಟುಹಾಕಿದ. ಹೆಸರು ತಂದುಕೊಟ್ಟ ಕೆಲಸಕ್ಕೇ ಬೆಂಕಿ ಇಡುವುದು ಸಣ್ಣ ಮಾತಲ್ಲ. 1909ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನ ನಡೆಯಿತು. ಈ ಸಲ ವಿಮರ್ಶಕರು ಅವನನ್ನು ಕಲಾವಿದನೆಂದೇ ಮೆಚ್ಚಿಕೊಂಡರು. ಅದೇ ತಿಂಗಳ 26ರಂದು, ಅಪೆಂಡಿಸೈಟಿಸ್ ವಿಷಮಿಸಿ, ತೀರಿಕೊಂಡ. ಆಗ ವಯಸ್ಸು 48.

ಈ ಚಿತ್ರಗಳ ಅಚ್ಚು ನಿಮ್ಮ ಲೈಬ್ರರಿಯಲ್ಲಿ ಸಿಕ್ಕರೆ, ಬೆಂಕಿಯ ಆಚೆಗಿರುವ ಕತ್ತಲನ್ನು ಸ್ವಲ್ಪ ಹೊತ್ತು ನೋಡಿ. ಅದು ಬರೀ ಕಪ್ಪಲ್ಲ.