ವಿಳಾಸಗಳ ಕಡತ ಕಾದ ಜಾನ್ ಪೋಸ್ಟೆಲ್

ಕಾಗದ ಬರೆದವರು ಎಷ್ಟೇ ವಿದ್ವಾಂಸರಾಗಿರಲಿ, ಅಂಚೆಯವರು ಎಷ್ಟೇ ನಿಷ್ಠಾವಂತರಾಗಿರಲಿ, ಲಕೋಟೆಯ ಮೇಲಿನ ವಿಳಾಸ ತಪ್ಪಿದರೆ ಕಾಗದ ತಲುಪುವುದಿಲ್ಲ. ಒಂದೇ ವಿಳಾಸ ಇಬ್ಬರಿಗಿದ್ದರಂತೂ ಗೊಂದಲಕ್ಕೆ ಕೊನೆಯೇ ಇಲ್ಲ. ಕಂಪ್ಯೂಟರುಗಳ ಪತ್ರವ್ಯವಹಾರಕ್ಕೂ ಈ ಮಾತು ಸಲ್ಲುತ್ತದೆ. ಅಲ್ಲಿನ ಸಂಖ್ಯೆಗಳು ಒಂದಕ್ಕೊಂದು ತಾಗದಂತೆ ಕಾಲು ಶತಮಾನಕ್ಕೂ ಮಿಕ್ಕಿ ಕಡತವಿಟ್ಟು ಕಾದ ಮಹನೀಯರು ಅಮೇರಿಕದ ಜಾನ್ ಪೋಸ್ಟೆಲ್. ಹಿಂದೆ ನಮ್ಮ ಗ್ರಾಮಗಳಲ್ಲಿ ಶ್ಯಾನುಭೋಗರು ಬರೆದಿಟ್ಟದ್ದೇ ಪ್ರಮಾಣವಾಗಿದ್ದಂತೆ ಇಂಟರ್‌ನೆಟ್ಟಿಗೆ ಅವರ ಪಟ್ಟಿಯೇ ಪ್ರಮಾಣವಾಗಿತ್ತು. ಅಷ್ಟು ದೊಡ್ಡ ಅಧಿಕಾರ ಒಬ್ಬ ವ್ಯಕ್ತಿಗೆ ಬಂದದ್ದು ಹೇಗೆ, ಅವರು ಅದನ್ನು ನಡೆಸಿದ್ದು ಹೇಗೆ, ಕೊನೆಗೆ ಅದು ಕೈ ಬದಲಾಯಿಸಿದ್ದು ಹೇಗೆ ಎಂಬುದು ತಿಳಿಯತಕ್ಕ ಸಂಗತಿ.

ಜೊನಾಥನ್ ಬ್ರೂಸ್ ಪೋಸ್ಟೆಲ್ 1943ರ ಆಗಸ್ಟ್ 6ರಂದು ಕ್ಯಾಲಿಫೋರ್ನಿಯದ ಆಲ್ಟಡೀನ ಎಂಬಲ್ಲಿ ಜನಿಸಿದರು. ವ್ಯಾನ್ ನೈಸ್ ಪ್ರೌಢಶಾಲೆಯಲ್ಲಿ ಕಲಿತರು. ಮುಂದೆ ಇಂಟರ್‌ನೆಟ್ಟಿನ ನಿರ್ಮಾಪಕರಲ್ಲಿ ಪ್ರಮುಖರೆನಿಸಿದ ವಿಂಟನ್ ಸೆರ್ಫ್ ಮತ್ತು ಸ್ಟೀವ್ ಕ್ರಾಕರ್ ಇವರೂ ಅದೇ ಶಾಲೆಯವರು. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಿಂದ ಪೋಸ್ಟೆಲ್ 1966ರಲ್ಲಿ ಇಂಜಿನಿಯರಿಂಗ್ ಪದವಿಯನ್ನೂ 1968ರಲ್ಲಿ ಸ್ನಾತಕೋತ್ತರ ಪದವಿಯನ್ನೂ 1974ರಲ್ಲಿ ಡಾಕ್ಟರೇಟನ್ನೂ ಪಡೆದರು.

ಅಮೇರಿಕದ ರಕ್ಷಣಾ ಇಲಾಖೆಯ ನೆರವಿನಿಂದ ಆರಂಭವಾದ ಆರ್ಪಾನೆಟ್ ಜಾಲದ ಪ್ರಥಮ ಕೊಂಡಿ 1969ರಲ್ಲಿ ಸ್ಥಾಪನೆಗೊಂಡುದು ಆ ವಿಶ್ವವಿದ್ಯಾನಿಲಯದಲ್ಲೇ. ಅದೇ ವರ್ಷ ಅಕ್ಟೋಬರ್ 29ರಂದು ಅಲ್ಲಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಮೊದಲ ಸಂದೇಶ ಹೋಯಿತು. ಯಂತ್ರಗಳು ಪರಸ್ಪರ ಮಾತನಾಡುವ ನಿಯಮಗಳನ್ನು ರೂಪಿಸಿದವರು ಹೆಚ್ಚಾಗಿ ಪೋಸ್ಟೆಲರಂತಹ ವಿದ್ಯಾರ್ಥಿಗಳು. ಅವರು ಕರಡು ಬರೆದು ಎಲ್ಲರ ಅಭಿಪ್ರಾಯ ಕೋರಿ ಹಂಚುತ್ತಿದ್ದರು. ಆರ್.ಎಫ್.ಸಿ. ಎಂದು ಹೆಸರಾದ ಈ ಟಿಪ್ಪಣಿಗಳಲ್ಲಿ ಮೊದಲನೆಯದನ್ನು ಕ್ರಾಕರ್ 1969ರ ಎಪ್ರಿಲಿನಲ್ಲಿ ಬರೆದರು. ಅವುಗಳನ್ನು ತಿದ್ದಿ, ಕ್ರಮಸಂಖ್ಯೆ ಕೊಟ್ಟು ಪ್ರಕಟಿಸುವ ಸಂಪಾದಕತ್ವ ಪೋಸ್ಟೆಲರ ಪಾಲಿಗೆ ಬಂತು. ಅವರು ತೀರಿಕೊಳ್ಳುವಾಗ ಟಿಪ್ಪಣಿಗಳ ಸಂಖ್ಯೆ 2,400ನ್ನು ದಾಟಿತ್ತು.

ಕಡತದ ಕೆಲಸವೂ ಹೀಗೆಯೇ ಗಂಟುಬಿತ್ತು. ಯಾವ ಸೇವೆಗೆ ಯಾವ ಸಂಖ್ಯೆ ಎಂದು ಯಾರಾದರೂ ಒಬ್ಬರು ಬರೆದಿಡದಿದ್ದರೆ ಒಂದೇ ಸಂಖ್ಯೆಯನ್ನು ಇಬ್ಬರು ಹಿಡಿದಾರು. 1972ರಲ್ಲಿ ಪೋಸ್ಟೆಲ್ ಈ ಹೊಣೆಯನ್ನು ಒಬ್ಬರಿಗೆ ವಹಿಸಬೇಕೆಂದು ಸೂಚಿಸಿ, ಆ ಒಬ್ಬ ತಾನೇ ಆಗಲು ಒಪ್ಪಿದರು. ಚುನಾವಣೆ ನಡೆಯಲಿಲ್ಲ, ನೇಮಕಪತ್ರವೂ ಇರಲಿಲ್ಲ. ಬೇರೆಯವರಿಗೆ ಬೇಡವಾದ ಬೇಸರದ ಕೆಲಸವಾದುದರಿಂದ ಯಾರೂ ಆಕ್ಷೇಪಿಸಲಿಲ್ಲ.

1977ರಲ್ಲಿ ಅವರು ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಮಾಹಿತಿ ವಿಜ್ಞಾನ ಸಂಸ್ಥೆಯನ್ನು ಸೇರಿ, ಕೊನೆಯ ತನಕ ಅಲ್ಲಿಯೇ ಉಳಿದರು. ಅಂದು ಸಂದೇಶವನ್ನು ದಾರಿಗೆ ಹಚ್ಚುವ ಕೆಲಸವನ್ನೂ ಅದು ಪೂರ್ತಿಯಾಗಿ ತಲುಪಿತೇ ಎಂದು ನೋಡುವ ಕೆಲಸವನ್ನೂ ಟಿ.ಸಿ.ಪಿ. ಎಂಬ ಒಂದೇ ನಿಯಮಾವಳಿ ಹೊತ್ತಿತ್ತು. ಇದು ತಪ್ಪು, ಎರಡನ್ನೂ ಬೇರ್ಪಡಿಸಬೇಕು ಎಂದು ಪೋಸ್ಟೆಲ್ ಅದೇ ವರ್ಷ ವಾದಿಸಿದರು. ಹಾಗೆ ಬೇರ್ಪಟ್ಟು ನಿಂತದ್ದೇ ವಿಳಾಸ ಮತ್ತು ಮಾರ್ಗವನ್ನು ನೋಡಿಕೊಳ್ಳುವ ಐ.ಪಿ. ನಿಯಮಾವಳಿ. ಅವರ ಸಂಪಾದಕತ್ವದಲ್ಲಿ ಇವೆರಡೂ 1981ರ ಸಪ್ಟಂಬರಿನಲ್ಲಿ ಹೊರಬಂದವು. ಹಳೆಯ ಪದ್ಧತಿಯಿಂದ ಹೊಸದಕ್ಕೆ ದಾಟುವ ಯೋಜನೆಯನ್ನೂ ಅವರೇ ಬರೆದರು. 1983ರ ಜನವರಿ 1ರಂದು ಆರ್ಪಾನೆಟ್ ಹೊಸ ನಿಯಮಕ್ಕೆ ಬದಲಾಯಿತು.

ಐ.ಪಿ. ವಿಳಾಸದಲ್ಲಿ 32 ದ್ವಿಮಾನ ಅಂಕಗಳಿವೆ. ಓದುವ ಅನುಕೂಲಕ್ಕೆ ಅದನ್ನು ಸೊನ್ನೆಯಿಂದ 255ರ ವರೆಗಿನ ನಾಲ್ಕು ಸಂಖ್ಯೆಗಳಾಗಿ ಬರೆಯುತ್ತಾರೆ. ನಮ್ಮ ಪಿನ್ ಕೋಡಿನ ಉದಾಹರಣೆಯಿಂದ ಇದನ್ನು ತಿಳಿಯಬಹುದು. 671ರಿಂದ ತೊಡಗುವ ಸಂಖ್ಯೆ ಕಂಡೊಡನೆ ದೂರದ ಅಂಚೆ ವಿಂಗಡಣೆಯವರು ಚೀಲವನ್ನು ಕಾಸರಗೋಡಿನ ಕಡೆಗೆ ಹಾಕುತ್ತಾರೆ. ಯಾವ ಓಣಿ, ಯಾವ ಮನೆ ಎಂಬ ಚಿಂತೆ ಅವರಿಗಿಲ್ಲ. ಅದು ಊರಿನ ಅಂಚೆಯವರದು. ಐ.ಪಿ. ವಿಳಾಸದಲ್ಲೂ ಮೊದಲ ಭಾಗ ಜಾಲವನ್ನು, ಉಳಿದ ಭಾಗ ಆ ಜಾಲದೊಳಗಿನ ಯಂತ್ರವನ್ನು ಸೂಚಿಸುತ್ತದೆ. 1981ರ ನಿಯಮದಲ್ಲಿ ಜಾಲಗಳಿಗೆ ಮುಖ್ಯವಾಗಿ ಮೂರು ದರ್ಜೆಗಳಿದ್ದವು. ದೊಡ್ಡದರಲ್ಲಿ ಒಂದೂವರೆ ಕೋಟಿಗೂ ಮಿಕ್ಕಿ, ನಡುವಿನದರಲ್ಲಿ 65,534, ಸಣ್ಣದರಲ್ಲಿ 254 ಯಂತ್ರಗಳಿಗೆ ಎಡೆಯಿತ್ತು.

ಅಷ್ಟರಲ್ಲಿ ಕಾಲೇಜು ಕಚೇರಿಗಳ ಒಳಗೆ ಸ್ಥಳೀಯ ಜಾಲಗಳು ಹಬ್ಬತೊಡಗಿದವು. ಒಂದೇ ವಿಶ್ವವಿದ್ಯಾನಿಲಯದಲ್ಲಿ ವಿಭಾಗಕ್ಕೊಂದು ಜಾಲ. ಪ್ರತಿಯೊಂದಕ್ಕೂ ಬೇರೆ ಸಂಖ್ಯೆ ಕೊಟ್ಟರೆ ಪಟ್ಟಿ ಬೆಳೆದು ದಾರಿ ತೋರುವ ಯಂತ್ರಗಳು ಸೋತು ಹೋಗುತ್ತಿದ್ದವು. ಇದಕ್ಕೆ 1984ರ ಅಕ್ಟೋಬರಿನಲ್ಲಿ ಎರಡು ಪರಿಹಾರಗಳು ಬಂದವು. ಎರಡು ಜಾಲಗಳ ನಡುವಿನ ಪೆಟ್ಟಿಗೆಯೇ ಆಚೆಯ ಯಂತ್ರದ ಪರವಾಗಿ ಓಗೊಡಲಿ ಎಂಬುದು ಪೋಸ್ಟೆಲರ ಸೂಚನೆ. ಸಂಸ್ಥೆಗೆ ದೊರೆತ ಒಂದೇ ಸಂಖ್ಯೆಯನ್ನು ಒಳಗೊಳಗೆ ಉಪಜಾಲಗಳಾಗಿ ಹಂಚಿಕೊಳ್ಳಲಿ, ಹೊರಗಿನವರಿಗೆ ಅದು ಒಂದೇ ಆಗಿ ಕಾಣಲಿ ಎಂಬುದು ಸ್ಟ್ಯಾನ್‌ಫರ್ಡಿನ ಜೆಫ್ರಿ ಮೊಗಲರ ಸೂಚನೆ. ಮಾನ್ಯತೆ ದೊರೆತದ್ದು ಎರಡನೆಯದಕ್ಕೆ. ಪೋಸ್ಟೆಲ್ ತಮ್ಮದೇ ಆಗಬೇಕೆಂದು ಹಟ ಹಿಡಿಯಲಿಲ್ಲ. 1985ರ ಆಗಸ್ಟಿನಲ್ಲಿ ಮೊಗಲರೊಡನೆ ಕೂಡಿ ಉಪಜಾಲದ ಪ್ರಮಾಣ ಕ್ರಮವನ್ನು ಬರೆದರು. ಕಟ್ಟಡಕ್ಕೊಂದು, ಮಹಡಿಗೊಂದು ಎಂದು ವಿಂಗಡಿಸಿ ಜಾಲ ರಚಿಸುವವರು ಇಂದಿಗೂ ನಡೆಯುವುದು ಈ ಮಾರ್ಗದಲ್ಲಿಯೇ.

ಸಂಖ್ಯೆಗಳನ್ನು ನೆನಪಿಡುವುದು ಕಷ್ಟವಾದಾಗ ಹೆಸರುಗಳ ವ್ಯವಸ್ಥೆ ಬೇಕಾಯಿತು. ಪೋಸ್ಟೆಲರು ವಹಿಸಿಕೊಟ್ಟ ಈ ಕೆಲಸವನ್ನು ಸಹೋದ್ಯೋಗಿ ಪಾಲ್ ಮೊಕಪೆಟ್ರಿಸ್ 1983ರಲ್ಲಿ ಪೂರೈಸಿದರು. ದೇಶಗಳಿಗೆ ಎರಡಕ್ಷರದ ಹೆಸರು ಕೊಡುವಾಗ ಸೂಕ್ಷ್ಮವಾದ ಪ್ರಶ್ನೆ ಎದ್ದಿತು: ಯಾವುದು ದೇಶ, ಯಾವುದು ಅಲ್ಲ? ಗಡಿಯ ಗೆರೆ ಎಳೆಯುವುದು ತನ್ನ ಕೆಲಸವಲ್ಲವೆಂದು ಪೋಸ್ಟೆಲ್ ಅಂತಾರಾಷ್ಟ್ರೀಯ ಪ್ರಮಾಣ ಸಂಸ್ಥೆಯ ಸಿದ್ಧ ಪಟ್ಟಿಯನ್ನೇ ಸ್ವೀಕರಿಸಿದರು. ಹೆಸರಿಗಾಗಿ ಇಬ್ಬರು ಜಗಳವಾಡಿದರೆ ನೀವೇ ಮಾತಾಡಿ ಒಪ್ಪಿಕೊಂಡು ಬನ್ನಿ ಎನ್ನುವುದು ಅವರ ಕ್ರಮ. ಹೆಸರನ್ನು ನೋಡಿಕೊಳ್ಳುವವರು ಒಡೆಯರಲ್ಲ, ಸಮುದಾಯದ ಪರವಾಗಿರುವ ಧರ್ಮದರ್ಶಿಗಳು ಎಂಬ ತತ್ವವನ್ನು 1994ರಲ್ಲಿ ಬರೆದಿಟ್ಟರು. ಭಾರತದ ಇನ್ ಎಂಬ ಹೆಸರು ಆ ಕಡತದಲ್ಲಿ ದಾಖಲಾದದ್ದು 1989ರ ಮೇ 8ರಂದು. ಇಂದು ಕನ್ನಡ ಲಿಪಿಯಲ್ಲಿಯೇ ಬರೆದ ಭಾರತ ಎಂಬ ಹೆಸರೂ ಅದೇ ಪಟ್ಟಿಯಲ್ಲಿದೆ.

ಉದ್ದ ಗಡ್ಡ, ಕಾಲಿಗೆ ಸಾದಾ ಚಪ್ಪಲಿ, ಬಿಡುವಿನಲ್ಲಿ ಸಿಯೆರ ನೆವಾಡ ಬೆಟ್ಟಗಳಲ್ಲಿ ಚಾರಣ, ಇದು ಪೋಸ್ಟೆಲರ ರೀತಿ. ಸಹೋದ್ಯೋಗಿ ಜಾಯ್ಸ್ ರೆನಾಲ್ಡ್ಸ್ ಕಡತದ ಕೆಲಸದಲ್ಲಿ ಅವರಿಗೆ ಹಲವು ವರ್ಷ ಹೆಗಲು ಕೊಟ್ಟರು.

ಆದರೆ ಹೆಸರುಗಳಿಗೆ ಬೆಲೆ ಬಂದಾಗ ಕಾಲ ಬದಲಾಯಿತು. ಅಮೇರಿಕ ಸರಕಾರದ ಒಪ್ಪಂದದಂತೆ ನೋಂದಣಿ ನಡೆಸುತ್ತಿದ್ದ ನೆಟ್‌ವರ್ಕ್ ಸೊಲ್ಯೂಶನ್ಸ್ ಕಂಪೆನಿ 1995ರಿಂದ ಹೆಸರೊಂದಕ್ಕೆ ವರ್ಷಕ್ಕೆ 50 ಡಾಲರ್ ಶುಲ್ಕ ವಿಧಿಸಿತು. ಈ ಸೊತ್ತು ಯಾರದೆಂಬ ವಿವಾದ ಎದ್ದಿತು. 1998ರ ಜನವರಿ 28ರಂದು ಪೋಸ್ಟೆಲ್, ಹೆಸರುಗಳ ಮೂಲ ಯಂತ್ರಗಳಲ್ಲಿ ಎಂಟರ ನಿರ್ವಾಹಕರಿಗೆ ಪತ್ರ ಕಳುಹಿಸಿ, ಇನ್ನು ಮೂಲ ಪಟ್ಟಿಯನ್ನು ಆ ಕಂಪೆನಿಯ ಯಂತ್ರದ ಬದಲು ತಮ್ಮ ಯಂತ್ರದಿಂದ ಪಡೆಯಬೇಕೆಂದು ಕೋರಿದರು. ಆಜ್ಞೆಯ ಬಲವಿಲ್ಲದ ಆ ಕೋರಿಕೆಗೆ ಎಂಟು ಮಂದಿಯೂ ಒಪ್ಪಿದರು. ಅಮೇರಿಕ ಸರಕಾರ ಬೆಚ್ಚಿ ಆಕ್ಷೇಪಿಸಿತು. ಇದು ಪರೀಕ್ಷೆಯಷ್ಟೇ ಎಂದು ತಿಳಿಸಿ ಪೋಸ್ಟೆಲ್ ಎಲ್ಲವನ್ನೂ ಹಿಂದಿನಂತೆ ಮಾಡಿದರು. ಅವರ ಉದ್ದೇಶದ ಬಗ್ಗೆ ಇಂದಿಗೂ ಭಿನ್ನಾಭಿಪ್ರಾಯವಿದೆ. ಒಬ್ಬರ ಮಾತಿನ ಮೇಲೆ ಇಷ್ಟು ವಿಶ್ವಾಸವಿರುವುದು ಅವರ ಹಿರಿಮೆಯಾದರೂ, ವ್ಯವಸ್ಥೆ ಒಬ್ಬರ ಉಸಿರಿಗೆ ತೂಗಿಕೊಂಡಿರುವುದು ಸರಿಯಲ್ಲವೆಂಬುದು ಎಲ್ಲರಿಗೂ ಮನದಟ್ಟಾಯಿತು.

ಈ ಕಾರ್ಯಕ್ಕೆಂದೇ ಐಕ್ಯಾನ್ ಎಂಬ ಸಂಸ್ಥೆ 1998ರ ಸಪ್ಟಂಬರ್ 30ರಂದು ಸ್ಥಾಪನೆಯಾಯಿತು. ಅದರ ರೂಪರೇಖೆಗೆ ಪೋಸ್ಟೆಲ್ ದುಡಿದಿದ್ದರು. ಅದಾಗಿ ಹದಿನಾರನೇ ದಿನ, ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ಬಳಿಕ ಅವರು ನಿಧನ ಹೊಂದಿದರು. ವಯಸ್ಸು 55. ಒಡನಾಡಿ ಸೆರ್ಫ್ ಬರೆದ ಶ್ರದ್ಧಾಂಜಲಿ, ಪೋಸ್ಟೆಲರೇ ಸಂಪಾದಿಸುತ್ತಿದ್ದ ಟಿಪ್ಪಣಿಮಾಲೆಯಲ್ಲಿ 2468ನೆಯದಾಗಿ ಪ್ರಕಟವಾಯಿತು.

ಅವರು ಕಾದಿದ್ದ ಭಂಡಾರದಲ್ಲಿ ಹಂಚಲು ಉಳಿದಿದ್ದ ಕೊನೆಯ ವಿಳಾಸಗುಚ್ಛಗಳು 2011ರ ಫೆಬ್ರವರಿ 3ರಂದು ತೀರಿದವು. 128 ಅಂಕಗಳ ಹೊಸ ವಿಳಾಸಗಳು ಈಗ ಹಳೆಯವುಗಳ ಜತೆಗೆ ಬಳಕೆಯಲ್ಲಿವೆ. ಕಡತದ ಮೇಲೆ ಅಮೇರಿಕ ಸರಕಾರದ ಒಪ್ಪಂದವೂ 2016ರ ಅಕ್ಟೋಬರ್ 1ಕ್ಕೆ ಮುಗಿಯಿತು. ಕಡತ ಮಾತ್ರ ನಡೆದುಕೊಂಡು ಬರುತ್ತಿದೆ.