ಗಾಯಾಳುಗಳ ಮುಖ ನೋಡದ ಗಾಯಾಳು

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವರಿಗೆ ಕೊನೆಗಾರ ಅಂತೀವಿ. ಕೊಯ್ಲಿನ ಕಾಲದಲ್ಲಿ ಅವರಿಗಿರುವ ಬೇಡಿಕೆ ಊರಿನ ಡಾಕ್ಟರಿಗೂ ಇರುವುದಿಲ್ಲ. ಮನೆ ಬಾಗಿಲಿಗೇ ಬೈಕ್ ಕಳಿಸಿ ಕರೆಸಿಕೊಳ್ತಾರೆ. ಒಂದು ಸಲ ಮರದಿಂದ ಬಿದ್ದರೋ, ಮುಂದಿನ ವಾರ ಅದೇ ಬೈಕ್ ಇನ್ನೊಬ್ಬರ ಮನೆ ಮುಂದೆ ನಿಂತಿರುತ್ತದೆ. ಬಿದ್ದವರು ಎಷ್ಟು ಚೆನ್ನಾಗಿ ಹತ್ತುತ್ತಿದ್ದರು ಅಂತ ವರ್ಷಗಟ್ಟಲೆ ಮಾತಾಡುವವರು ಇದ್ದಾರೆ. ಅವರ ಜಗಲಿಗೆ ಹೋಗಿ ಕೂರುವವರು ಕಡಿಮೆ.

ಇದನ್ನು ನಾನು ಗಮನಿಸಿದ್ದು ನನ್ನದೇ ಮಂಡಿ ಹೋದ ಮೇಲೆ. ಇಂಜಿನಿಯರಿಂಗ್ ಓದುವಾಗ ಕಾಲೇಜು ಟೀಮಿಗೆ ಫುಟ್ಬಾಲ್ ಆಡ್ತಿದ್ದೆ. ಪ್ರತಿಭೆ ಅಷ್ಟಕ್ಕಷ್ಟೆ, ಓಟ ಇತ್ತು. ಮೂರನೇ ವರ್ಷ ಬಲ ಮಂಡಿ ತಿರುಚಿಕೊಂಡಿತು. ಎರಡು ವಾರ ರೂಮಿಗೆ ಬಂದುಹೋದ ಗೆಳೆಯರು ಮೂರನೇ ವಾರ ಬರಲಿಲ್ಲ. ಅವರಿಗೆ ಮ್ಯಾಚ್ ಇತ್ತು, ತಪ್ಪೇನಿಲ್ಲ ಬಿಡಿ. ಆ ದಿನಗಳಲ್ಲೇ ಬ್ರಯಾನ್ ಕ್ಲಫ್ ಬಗ್ಗೆ ಓದಲು ಶುರು ಮಾಡಿದ್ದು. ಫುಟ್ಬಾಲ್ ನೋಡುವವರಿಗೆ ಕ್ಲಫ್ ಅಂದರೆ ಇಂಗ್ಲೆಂಡಿನ ಬಾಯಿಬಡುಕ ಮ್ಯಾನೇಜರ್, ಎರಡು ಯುರೋಪಿಯನ್ ಕಪ್ ಗೆದ್ದವನು. ಅದಕ್ಕೂ ಮುಂಚೆ ಆತ ಎಂಥ ಆಟಗಾರನಾಗಿದ್ದ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

ಹುಟ್ಟಿದ್ದು 1935ರ ಮಾರ್ಚ್ 21ರಂದು, ಇಂಗ್ಲೆಂಡಿನ ಈಶಾನ್ಯದ ಕೈಗಾರಿಕಾ ಪಟ್ಟಣ ಮಿಡಲ್ಸ್‌ಬರೋದಲ್ಲಿ. ಅಪ್ಪನಿಗೆ ಮಿಠಾಯಿ ಕಾರ್ಖಾನೆಯಲ್ಲಿ ಕೆಲಸ, ಮನೆ ತುಂಬ ಮಕ್ಕಳು. ಹನ್ನೊಂದನೇ ವಯಸ್ಸಿಗೆ ಅಲ್ಲಿನ ಮಕ್ಕಳ ಹಣೆಬರಹ ಬರೆಯುತ್ತಿದ್ದ ಪರೀಕ್ಷೆಯೊಂದಿತ್ತು, ಅದರಲ್ಲಿ ಫೇಲ್. ಹದಿನೈದಕ್ಕೆ ಶಾಲೆ ಬಿಟ್ಟು ರಾಸಾಯನಿಕ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ. ಫುಟ್ಬಾಲ್ ಇಲ್ಲದೇ ಹೋಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಊರಿನ ಕ್ಲಬ್ಬಿಗೆ 213 ಲೀಗ್ ಪಂದ್ಯಗಳಲ್ಲಿ 197 ಗೋಲು ಹೊಡೆದ. ಹೆಚ್ಚುಕಡಿಮೆ ಪಂದ್ಯಕ್ಕೊಂದು. ಆದರೂ ಇಂಗ್ಲೆಂಡ್ ತಂಡದಲ್ಲಿ ಆಡಿಸಿದ್ದು ಎರಡೇ ಸಲ, 1959ರ ಅಕ್ಟೋಬರಿನಲ್ಲಿ. ಎರಡರಲ್ಲೂ ಗೋಲು ಬರಲಿಲ್ಲ, ಮತ್ತೆ ಕರೆ ಬರಲಿಲ್ಲ. 1961ರಲ್ಲಿ ಪಕ್ಕದ ಸಂಡರ್‌ಲ್ಯಾಂಡ್ ಕ್ಲಬ್ಬಿಗೆ ಹೋದ ಮೇಲೂ ಗೋಲು ನಿಲ್ಲಲಿಲ್ಲ.

1962ರ ಡಿಸೆಂಬರ್ 26. ಕ್ರಿಸ್ಮಸ್ಸಿನ ಮಾರನೇ ದಿನ, ಮೈದಾನ ಹಿಮಗಟ್ಟಿತ್ತು. ಎದುರಾಳಿ ಬರಿ ಎಂಬ ಕ್ಲಬ್. ಮುಂದೆ ಬಿದ್ದ ಚೆಂಡಿನ ಹಿಂದೆ ಕ್ಲಫ್ ಓಡಿದ, ಗೋಲ್‌ಕೀಪರ್ ಕ್ರಿಸ್ ಹಾರ್ಕರ್ ಕೆಳಕ್ಕೆ ಹಾರಿದ. ಕೀಪರನ ಭುಜ ಕ್ಲಫ್‌ನ ಬಲ ಮಂಡಿಗೆ ಬಡಿಯಿತು. ಕ್ರೂಸಿಯೇಟ್ ಮತ್ತು ಒಳಬದಿಯ ಲಿಗಮೆಂಟ್ ಎರಡೂ ಹರಿದವು. ತೊಡೆಯ ಮೂಳೆ, ಕಾಲಿನ ಮೂಳೆಗಳನ್ನು ಮಂಡಿಯೊಳಗೆ ಕತ್ತರಿಯಾಕಾರದಲ್ಲಿ ಬಿಗಿದಿಡುವ ಪಟ್ಟಿಗಳು ಈ ಕ್ರೂಸಿಯೇಟ್‌ಗಳು. ಇವು ಹೋದರೆ ನೇರ ನಡೆಯಬಹುದು, ಓಡುತ್ತಾ ತಟ್ಟನೆ ತಿರುಗಲಾಗದು. ಸ್ಟ್ರೈಕರ್‌ನ ಇಡೀ ಕಸುಬು ಆ ತಿರುಗುವಿಕೆಯಲ್ಲೇ ಇರುವುದು. ಇವತ್ತು ಸಣ್ಣ ರಂಧ್ರ ಕೊರೆದು, ಬೇರೆ ಕಡೆಯ ಸ್ನಾಯುರಜ್ಜು ಕಸಿ ಮಾಡಿ, ಒಂಬತ್ತು ತಿಂಗಳು ಒಂದು ವರ್ಷದಲ್ಲಿ ಆಟಗಾರರು ವಾಪಸ್ ಬರ್ತಾರೆ. ಆಗ ಸಿಕ್ಕಿದ್ದು ತಿಂಗಳುಗಟ್ಟಲೆ ಪ್ಲಾಸ್ಟರ್, ಆಮೇಲೆ ಖಾಲಿ ಸ್ಟೇಡಿಯಮ್ಮಿನ ಮೆಟ್ಟಿಲು ಹತ್ತಿ ಇಳಿಯುವ ವ್ಯಾಯಾಮ.

ಆತನಿಗೆ ಆಗ 27. ಹತ್ತಿರ ಹತ್ತಿರ ಎರಡು ವರ್ಷದ ನಂತರ, 1964ರಲ್ಲಿ, ಮೂರು ಪಂದ್ಯ ಆಡಿದ, ಒಂದು ಗೋಲನ್ನೂ ಹೊಡೆದ. ಮಂಡಿ ಒಪ್ಪಲಿಲ್ಲ. 274 ಲೀಗ್ ಪಂದ್ಯ, 251 ಗೋಲು, 29ನೇ ವಯಸ್ಸಿಗೆ ನಿವೃತ್ತಿ.

ಇಲ್ಲಿಂದ ಮುಂದಿನದನ್ನು ಎಲ್ಲರೂ ಛಲದ ಕಥೆಯಾಗಿ ಹೇಳ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಛಲ ಇತ್ತು, ಸರಿ. ಆದರೆ ಯಾರೋ ಒಬ್ಬರು ಹುಡುಗರ ತಂಡವನ್ನು ತರಬೇತಿಗೆ ಕೊಟ್ಟು ಆತನನ್ನು ಮೈದಾನದಲ್ಲೇ ಉಳಿಸಿಕೊಂಡರು. ಆ ಯಾರೋ ಒಬ್ಬರು ಸಂಡರ್‌ಲ್ಯಾಂಡ್ ಮ್ಯಾನೇಜರ್ ಜಾರ್ಜ್ ಹಾರ್ಡ್‌ವಿಕ್. ಅದಿಲ್ಲದಿದ್ದರೆ ಕ್ಲಫ್ ಕೂಡ ಜಗಲಿಯಲ್ಲಿ ಕೂತಿರುತ್ತಿದ್ದ. 1965ರಲ್ಲಿ, 30ನೇ ವಯಸ್ಸಿಗೆ, ಲೀಗಿನ ತಳದಲ್ಲಿದ್ದ ಹಾರ್ಟ್ಲ್‌ಪೂಲ್ಸ್ ಕ್ಲಬ್ಬಿನ ಮ್ಯಾನೇಜರ್ ಆದ. ಜೊತೆಗೆ ಗೆಳೆಯ ಪೀಟರ್ ಟೇಲರ್. ದುಡ್ಡಿಲ್ಲದ ಕ್ಲಬ್, ಟೀಮ್ ಬಸ್ಸು ಓಡಿಸಲು ತಾನೇ ಲೈಸೆನ್ಸ್ ಮಾಡಿಸಿಕೊಂಡ. ಡರ್ಬಿಯನ್ನು ಎರಡನೇ ದರ್ಜೆಯಿಂದ ಎತ್ತಿ 1972ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಮಾಡಿದ. ನಾಟಿಂಗ್‌ಹ್ಯಾಮ್ ಫಾರೆಸ್ಟ್ 1977ರಲ್ಲಿ ಮೊದಲ ದರ್ಜೆಗೆ ಏರಿತು, 1978ರಲ್ಲಿ ಚಾಂಪಿಯನ್, 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್.

ರಾಜಕೀಯವಾಗಿಯೂ ನಮ್ಮಂಥವರಿಗೆ ಇಷ್ಟವಾಗುವ ಮನುಷ್ಯ. ಲೇಬರ್ ಪಕ್ಷದವನು, ಚುನಾವಣೆಗೆ ನಿಲ್ಲಲು ಕರೆದಾಗ ಒಲ್ಲೆ ಎಂದವನು. ಜನಾಂಗದ್ವೇಷಿಗಳ ವಿರುದ್ಧ ಹುಟ್ಟಿದ ಆಂಟಿ ನಾಜಿ ಲೀಗಿನ ಬೆಂಬಲಿಗ. 1984ರ ಗಣಿ ಕಾರ್ಮಿಕರ ಮುಷ್ಕರದ ಜೊತೆ ನಿಂತ, ಅದೂ ನಾಟಿಂಗ್‌ಹ್ಯಾಮ್ ಸೀಮೆಯ ಹೆಚ್ಚಿನ ಗಣಿಗಳು ಕೆಲಸ ಮಾಡುತ್ತಿದ್ದಾಗ. ಕಾಗೋಡು ಸತ್ಯಾಗ್ರಹದ ಕಥೆ ಕೇಳಿ ಬೆಳೆದ ನನಗೆ ಈತ ನಮ್ಮವನೇ ಅನಿಸಿದ್ದು ಸುಳ್ಳಲ್ಲ. ಕಾಲೇಜಿನಲ್ಲಿ ಗೆಳೆಯರಿಗೆ ಭಾಷಣವನ್ನೂ ಬಿಗಿದಿದ್ದೆ.

ಆಮೇಲೆ ಎಡ್ಡಿ ಗ್ರೇ ವಿಷಯ ಓದಿದೆ.

1974ರಲ್ಲಿ ಕ್ಲಫ್ ಲೀಡ್ಸ್ ಕ್ಲಬ್ಬಿಗೆ ಹೋಗಿ 44 ದಿನ ಮಾತ್ರ ಬಾಳಿದ್ದು ಗೊತ್ತಿರುವ ಕಥೆ. ಅಲ್ಲಿ ಗ್ರೇ ಎಂಬ ಅದ್ಭುತ ವಿಂಗರ್ ಇದ್ದ, ಗಾಯಗಳಿಂದ ವರ್ಷಗಳನ್ನೇ ಕಳೆದುಕೊಂಡವನು. ತಂಡದ ಮೊದಲ ಸಭೆಯಲ್ಲೇ ಎಲ್ಲರೆದುರು ಕ್ಲಫ್ ಅವನನ್ನು ಕುಂಟು ರೇಸ್ ಕುದುರೆಗೆ ಹೋಲಿಸಿ, ಗುಂಡಿಟ್ಟು ಮುಗಿಸಬೇಕಾದ ಪ್ರಾಣಿ ಅನ್ನುವ ಅರ್ಥದಲ್ಲಿ ಮೂದಲಿಸಿದ. ನಿಮ್ಮ ಆಟ ಮುಗಿದದ್ದೂ ಗಾಯದಿಂದಲೇ ಅಲ್ಲವೇ ಎಂದು ಗ್ರೇ ನೆನಪಿಸಬೇಕಾಯಿತು. 1979ರ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದ ಟ್ರೆವರ್ ಫ್ರಾನ್ಸಿಸ್ ಮುಂದಿನ ವರ್ಷ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡ. 1980ರ ಫೈನಲ್‌ಗೆ ತಂಡದ ಜೊತೆ ಆತ ಬರುವುದೇ ಕ್ಲಫ್‌ಗೆ ಬೇಕಿರಲಿಲ್ಲ.

ಜಸ್ಟಿನ್ ಫಶಾನು ವಿಷಯದಲ್ಲಿ ಇದು ಇನ್ನೂ ಕ್ರೂರವಾಯಿತು. 1981ರಲ್ಲಿ ಹತ್ತು ಲಕ್ಷ ಪೌಂಡಿಗೆ ಫಾರೆಸ್ಟ್ ಕೊಂಡ ಕಪ್ಪು ಹುಡುಗ, ಅಷ್ಟು ಬೆಲೆ ಬಂದ ಮೊದಲ ಕಪ್ಪು ಆಟಗಾರ. ಆತ ಸಲಿಂಗಿ ಅನ್ನುವ ಸುದ್ದಿ ಕಿವಿಗೆ ಬಿದ್ದ ಮೇಲೆ ಕ್ಲಫ್ ಅವನನ್ನು ಹೀಯಾಳಿಸಿದ. ತರಬೇತಿ ಮೈದಾನದಿಂದ ಹೊರಗೆ ಕಳಿಸಲು ಪೊಲೀಸರನ್ನೇ ಕರೆಸಿದ. ವಿವ್ ಆಂಡರ್ಸನ್ ಎಂಬ ಕಪ್ಪು ಆಟಗಾರನಿಗೆ ಪ್ರೇಕ್ಷಕರ ದ್ವೇಷದ ನಡುವೆ ಧೈರ್ಯ ತುಂಬಿದ್ದೂ ಇದೇ ಕ್ಲಫ್. ಆಂಟಿ ನಾಜಿ ಲೀಗಿಗೆ ಸಹಿ ಹಾಕಿದ ಕೈಯೂ ಇದೇ. ಫಶಾನು ಅಲ್ಲಿಂದ ಹೋಗಿ, 1985ರಲ್ಲಿ ಬ್ರೈಟನ್ ಸೇರಿದ ಮೇಲೆ ಮಂಡಿಗೆ ದೊಡ್ಡ ಪೆಟ್ಟು ಮಾಡಿಕೊಂಡ. ಆಟ ಮತ್ತೆ ಮೊದಲಿನಂತಾಗಲಿಲ್ಲ. 1990ರಲ್ಲಿ ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡ. 1998ರ ಮೇ ತಿಂಗಳಲ್ಲಿ, 37ನೇ ವಯಸ್ಸಿಗೆ, ಲಂಡನ್ನಿನಲ್ಲಿ ಆತ್ಮಹತ್ಯೆ ಮಾಡಿಕೊಂಡ.

ಗಾಯಗೊಂಡವನು ಗಾಯಗೊಂಡವರ ನೋವು ಅರಿತಾನು ಅನ್ನುವುದು ನಮ್ಮ ಆಸೆ. ಕ್ಲಫ್ ಕಲಿತ ಪಾಠ ಬೇರೆ. ಆಡಲಾಗದವನು ಕ್ಲಬ್ಬಿಗೆ ಲೆಕ್ಕಕ್ಕಿಲ್ಲ ಎಂದು ತಾನು ಮಲಗಿದ್ದಾಗ ಅರ್ಥವಾಗಿತ್ತು, ಕುರ್ಚಿ ಸಿಕ್ಕಾಗ ಅದನ್ನೇ ಜಾರಿ ಮಾಡಿದ. ಒಳ್ಳೆಯ ರಾಜಕೀಯ ಆತನ ಕೈಹಿಡಿಯಲಿಲ್ಲ. ಕಾರ್ಮಿಕ ಅಂದಾಗ ಗಣಿಯವನು ಕಂಡ, ತನ್ನ ಡ್ರೆಸಿಂಗ್ ರೂಮಿನ ಬೆಂಚಿನ ಮೇಲೆ ಮಂಡಿಗೆ ಬ್ಯಾಂಡೇಜ್ ಸುತ್ತಿಕೊಂಡು ಕೂತವನು ಕಾಣಲಿಲ್ಲ. ನಮ್ಮೂರಲ್ಲಿ ರೈತ ಹೋರಾಟದ ಭಾಷಣ ಮಾಡುವ ತೋಟದ ಮನೆಗಳಲ್ಲೂ ಮರದಿಂದ ಬಿದ್ದ ಕೊನೆಗಾರನ ಹೆಸರು ಹೀಗೇ ಮರೆತುಹೋಗುವುದನ್ನು ನೋಡಿದ್ದೇನೆ.

ಕುಡಿತ ಹೆಚ್ಚಾಯಿತು. 1993ರಲ್ಲಿ ಫಾರೆಸ್ಟ್ ಕೆಳದರ್ಜೆಗೆ ಜಾರಿತು, ಕ್ಲಫ್ ನಿವೃತ್ತನಾದ. 2003ರಲ್ಲಿ ಯಕೃತ್ತಿನ ಕಸಿ ಆಯಿತು, 2004ರ ಸೆಪ್ಟೆಂಬರ್ 20ರಂದು ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡ. ನಾಟಿಂಗ್‌ಹ್ಯಾಮ್, ಡರ್ಬಿಗಳಲ್ಲಿ ಆತನ ಪ್ರತಿಮೆಗಳಿವೆ, ಎರಡೂ ಮ್ಯಾನೇಜರ್ ಕ್ಲಫ್‌ದು. ಮಿಡಲ್ಸ್‌ಬರೋದ ಆಲ್ಬರ್ಟ್ ಪಾರ್ಕಿನಲ್ಲಿ ಇನ್ನೊಂದಿದೆ. ಅದರಲ್ಲಿ ಆತ ಇನ್ನೂ ಆಟಗಾರ, ಬೂಟುಗಳನ್ನು ಹೆಗಲಿಗೆ ನೇತುಹಾಕಿಕೊಂಡು ಮೈದಾನದ ಕಡೆ ನಡೆದು ಹೊರಟಿದ್ದಾನೆ.