ಕೈ ನಡುಗಿದ್ದು ಕುಡಿತದಿಂದಲ್ಲ

ನನ್ನ ಸೋದರಮಾವ ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕೆಲಸದಲ್ಲಿ ಹನ್ನೆರಡು ವರ್ಷ ಇದ್ದರು. ಬರಬರುತ್ತಾ ಕಾಫಿ ಲೋಟ ಹಿಡಿದರೂ ಕೈ ನಡುಗತೊಡಗಿತು. ಸಣ್ಣ ಮಾತಿಗೂ ರೇಗುತ್ತಿದ್ದರು. ಕದ್ದು ಕುಡಿಯುತ್ತಾರೆ ಎಂದೇ ಮನೆಯಲ್ಲಿ ಎಲ್ಲರೂ ಅಂದುಕೊಂಡೆವು. ರಕ್ತ ಪರೀಕ್ಷೆಯಲ್ಲಿ ಸೀಸದ ವಿಷ ಗೊತ್ತಾದ ಮೇಲೆ ಅದರ ಬಗ್ಗೆ ಹುಡುಕುತ್ತಾ ಹೋದೆ. ಆಗ ನನಗೆ ಪರಿಚಯವಾದವರು ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್.

1869ರಲ್ಲಿ ಹುಟ್ಟಿದ ಆಲಿಸ್, 1893ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. 1897ರಲ್ಲಿ ಷಿಕಾಗೊಗೆ ಬಂದು, ವಲಸೆ ಕಾರ್ಮಿಕರ ಬಡಾವಣೆಯಲ್ಲಿದ್ದ ಹಲ್ ಹೌಸ್ ಎಂಬ ಸೇವಾಕೇಂದ್ರದಲ್ಲಿ ನೆಲೆಸಿದರು. ದುಡಿಯುವವರ ಕಾಯಿಲೆಗಳನ್ನು ಅವರು ಹತ್ತಿರದಿಂದ ಕಂಡದ್ದು ಅಲ್ಲಿಯೇ.

1910ರಲ್ಲಿ ಇಲಿನಾಯ್ ರಾಜ್ಯವು ಕಾರ್ಖಾನೆ ಕಾಯಿಲೆಗಳ ಸಮೀಕ್ಷೆಯ ಹೊಣೆಯನ್ನು ಅವರಿಗೆ ಕೊಟ್ಟಿತು. ಕೆಲಸಗಾರರು ಕೈ ತೊಳೆಯದೆ ತಿನ್ನುತ್ತಾರೆ, ಕುಡಿಯುತ್ತಾರೆ ಎಂಬ ಉತ್ತರ ಮಾಲೀಕರ ಬಳಿ ಸಿದ್ಧವಿತ್ತು. ಆಲಿಸ್ ಅದನ್ನು ಒಪ್ಪಲಿಲ್ಲ. ಆಸ್ಪತ್ರೆ ದಾಖಲೆಗಳನ್ನು ತಿರುವಿದರು, ಔಷಧ ಅಂಗಡಿಯವರನ್ನು ವಿಚಾರಿಸಿದರು, ಕಾರ್ಮಿಕರ ಮನೆಬಾಗಿಲಿಗೇ ಹೋದರು. ಸೀಸ ದೇಹ ಸೇರುತ್ತಿದ್ದುದು ಮುಖ್ಯವಾಗಿ ಉಸಿರಿನ ಮೂಲಕ, ದೂಳು ಮತ್ತು ಹೊಗೆಯಾಗಿ. ಅದು ದಿನದಿನವೂ ಸೇರಿ ನರಗಳನ್ನು ಕೆಡಿಸುತ್ತಿತ್ತು. ಕೆಲವರ ಮಣಿಕಟ್ಟು ಜೋತುಬಿದ್ದು ಕೈ ಮೇಲೆತ್ತಲು ಆಗುತ್ತಿರಲಿಲ್ಲ. ಮಿದುಳಿಗೆ ತಟ್ಟಿದರೆ ಫಿಟ್ಸ್ ಬರುತ್ತಿತ್ತು.

ನ್ಯಾಷನಲ್ ಲೆಡ್ ಕಂಪನಿಯ ಎಡ್ವರ್ಡ್ ಕಾರ್ನಿಶ್ ಮೊದಲು ಇದನ್ನು ನಂಬಲೇ ಇಲ್ಲ. ಆಲಿಸ್ ವಾದಕ್ಕಿಳಿಯದೆ, ಅವರದೇ ಕಾರ್ಮಿಕರ 22 ಪ್ರಕರಣಗಳ ದಾಖಲೆ ತಂದಿಟ್ಟರು. ಕಾರ್ನಿಶ್ ದೂಳು ತಡೆಯುವ ವ್ಯವಸ್ಥೆ ಮಾಡಿಸಿ, ವೈದ್ಯರನ್ನೂ ನೇಮಿಸಿದರು. 1911ರಲ್ಲಿ ಇಲಿನಾಯ್‌ನಲ್ಲಿ ಇಂಥ ಕೆಲಸಗಾರರ ರಕ್ಷಣೆಗೆ ಕಾನೂನು ಬಂತು.

1919ರಲ್ಲಿ ಆಲಿಸ್ ಹಾರ್ವರ್ಡ್ ವಿಶ್ವವಿದ್ಯಾಲಯದ ಮೊದಲ ಅಧ್ಯಾಪಕಿಯಾದರು. ಆದರೆ ಪದವಿ ಪ್ರದಾನದ ಮೆರವಣಿಗೆಯಲ್ಲಿ ನಡೆಯುವಂತಿಲ್ಲ, ಅಧ್ಯಾಪಕರ ಕ್ಲಬ್ಬಿಗೆ ಕಾಲಿಡುವಂತಿಲ್ಲ ಎಂಬ ಷರತ್ತುಗಳಿದ್ದವು. 1935ರಲ್ಲಿ ನಿವೃತ್ತರಾದಾಗಲೂ ಅವರು ಸಹಾಯಕ ಪ್ರಾಧ್ಯಾಪಕಿಯಾಗಿಯೇ ಇದ್ದರು. ಆಮೇಲೂ ಸುಮ್ಮನೆ ಕೂರಲಿಲ್ಲ. ಕೃತಕ ರೇಷ್ಮೆಯಾದ ರೇಯಾನ್ ಕಾರ್ಖಾನೆಗಳಲ್ಲಿ ಕಾರ್ಬನ್ ಡೈಸಲ್ಫೈಡ್ ಕಾರ್ಮಿಕರ ಕಾಲಿನ ಶಕ್ತಿಯನ್ನೂ ಮನಸ್ಸಿನ ಸ್ತಿಮಿತವನ್ನೂ ಕೆಡಿಸುವುದನ್ನು 1937–38ರ ಅಧ್ಯಯನದಲ್ಲಿ ಬಯಲಿಗೆ ತಂದರು. 1970ರ ಸೆಪ್ಟೆಂಬರ್‌ನಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ ಡಿಸೆಂಬರ್‌ನಲ್ಲಿ ಅಮೆರಿಕ ದೇಶಕ್ಕೆಲ್ಲ ಅನ್ವಯಿಸುವ ಔದ್ಯೋಗಿಕ ಸುರಕ್ಷತಾ ಕಾಯ್ದೆ ತಂದಿತು.

ಮಾವ ಆ ಕೆಲಸ ಬಿಟ್ಟಿದ್ದಾರೆ. ನಡುಕ ಪೂರ್ತಿ ಹೋಗಿಲ್ಲ. ಅವರನ್ನು ಅನುಮಾನಿಸಿದ್ದಕ್ಕೆ ಕ್ಷಮೆ ಕೇಳಿದೆ, ನಕ್ಕು ಸುಮ್ಮನಾದರು. ಮುಂದಿನ ವಾರ ನನಗೆ ಬಣ್ಣದ ಕಾರ್ಖಾನೆಯೊಂದರಲ್ಲಿ ಸಂದರ್ಶನವಿದೆ. ಸಂಬಳ ಎಷ್ಟೆಂದು ಕೇಳಲೇಬೇಕು. ಜತೆಗೆ, ದೂಳು ಹೊರಹಾಕುವ ವ್ಯವಸ್ಥೆ ಇದೆಯೇ, ಕೆಲಸಗಾರರ ರಕ್ತ ಪರೀಕ್ಷೆ ಎಷ್ಟು ತಿಂಗಳಿಗೊಮ್ಮೆ ನಡೆಯುತ್ತದೆ ಎಂದೂ ಕೇಳುತ್ತೇನೆ. ಕೆಲಸ ಹುಡುಕುತ್ತಿರುವ ಗೆಳೆಯರೇ, ನೀವೂ ಕೇಳಿ.